ಮೇಡಂ ಡ್ರಮ್ಮಿನ ಕೋಳಿ

ಕೋಳಿಯ ಮೈಮೇಲೆ ಬ್ಯಾಕ್ಟೀರಿಯಾ ಹುಡುಕುವ ಉದ್ಯೋಗದಲ್ಲಿರುವವರಿಗೆ ವಾರಕ್ಕೊಂದು ತಮಾಷೆ ತಪ್ಪಿದ್ದಲ್ಲ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಅವೇ ಚೆನ್ನೈನ ಪೋರೂರಿನಲ್ಲಿರುವ ನಮ್ಮ ಲ್ಯಾಬಿನ ಬಾಗಿಲಿಗೆ ಬಂದು ನಿಲ್ಲುತ್ತವೆ. ಕೇಳಿದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಾರೆ. ನನಗೆ ಮಾತ್ರ ಹುಣ್ಣಷ್ಟೇ ಉಳಿದಿದೆ.

ನಾನು ಮಂಡ್ಯದ ಕಡೆಯವಳು. ಗಂಡನನ್ನು ಬ್ಯಾಂಕಿನವರು ಚೆನ್ನೈಗೆ ವರ್ಗ ಮಾಡಿದ್ದರಿಂದ ವೆಸ್ಟ್ ಮಾಂಬಲಂನ ಒಂದು ಗಲ್ಲಿಗೆ ಬಂದು ಬಿದ್ದವಳು. ಲ್ಯಾಬಿನ ಯಜಮಾನರದು ಮೂರು ತಲೆಮಾರಿನಿಂದ ಚೆನ್ನೈಯಲ್ಲೇ ಇರುವ ಕನ್ನಡದ ಮನೆತನ. ಸಂದರ್ಶನದ ದಿನ ನನ್ನ ಊರಿನ ಹೆಸರು ಕೇಳಿದ್ದೇ, "ಅಡಡಾ, ನಮ್ಮೋರು ಮಾ ನೀವು!" ಅಂದು ಕೆಲಸ ಕೊಟ್ಟರು. ಅಂದಿನಿಂದ ಅವರ ಬಾಯಲ್ಲಿ 'ನಮ್ಮೋರು' ಅನ್ನುವ ಮಾತು ಬಂದಾಗಲೆಲ್ಲ ನಾನು ಮೈಯೆಲ್ಲ ಕಿವಿಯಾಗುತ್ತೇನೆ. ಏನೋ ಒಂದು ಆಗಬಾರದ ಕೆಲಸ ನನ್ನಿಂದ ಆಗಬೇಕಿದೆ ಎಂದೇ ಅದರ ಅರ್ಥ.

ಊರಾಚೆ ಒಂದು ಕೋಳಿ ಕಾರ್ಖಾನೆ ಇದೆ. ಅಲ್ಲಿ ಕೊಯ್ದು, ಪುಕ್ಕ ತೆಗೆದು, ತೊಳೆದು ತಣ್ಣಗೆ ಮಾಡಿದ ಕೋಳಿ ಒಬ್ಬರು ಕೇಟರಿಂಗಿನವರಿಗೆ ಹೋಗುತ್ತದೆ. ಆ ಕೇಟರಿಂಗಿನವರು ಆಸ್ಪತ್ರೆಗಳ ರೋಗಿಗಳಿಗೆ ಊಟ ಒದಗಿಸುತ್ತಾರೆ. ಕೋಳಿ ಶುದ್ಧವಾಗಿದೆ ಎಂದು ನಮ್ಮ ಲ್ಯಾಬಿನ ವರದಿ ಬಂದರೆ ಮಾತ್ರ ಅವರು ಕೊಳ್ಳುವುದು. ಪರೀಕ್ಷೆಗೆ ದುಡ್ಡು ಕೊಡುವುದು ಕಾರ್ಖಾನೆ, ವರದಿಯ ಕೊನೆಯಲ್ಲಿ ಇರುವುದು ನನ್ನ ಸಹಿ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವಲ್ಲ ಅಂತ ನೀವು ಕೇಳಬಹುದು. ಸಾಯುತ್ತವೆ. ಆದರೆ ಹಸಿ ಕೋಳಿ ಕತ್ತರಿಸಿದ ಹಲಗೆಯ ಮೇಲೇ ಸೌತೆಕಾಯಿ ಹೆಚ್ಚುವ ಪುಣ್ಯಾತ್ಮರು ಪ್ರತಿ ಅಡುಗೆಮನೆಯಲ್ಲೂ ಇರುತ್ತಾರೆ, ಮತ್ತು ಆ ಸೌತೆಕಾಯಿ ತಿನ್ನುವವರು ಮೊದಲೇ ಹಾಸಿಗೆ ಹಿಡಿದವರು. ಅದಕ್ಕೇ ಆ ಸಹಿ ಹಾಕುವಾಗ ನನ್ನ ಕೈ ಎರಡು ಸಲ ಯೋಚನೆ ಮಾಡುತ್ತದೆ.

ಒಂದು ನಿಮಿಷದ ಕುಲುಕಾಟ

ಕೋಳಿಯನ್ನು ಪರೀಕ್ಷೆ ಮಾಡುವ ವಿಧಾನಗಳಲ್ಲಿ ನನಗೆ ನಂಬಿಕೆ ಇರುವುದು ಒಂದೇ. ಇಡೀ ಕೋಳಿಯನ್ನು ಶುದ್ಧವಾದ ದಪ್ಪ ಚೀಲಕ್ಕೆ ಹಾಕಬೇಕು, ಅದಕ್ಕೆ ಅಳತೆ ಮಾಡಿದ ದ್ರಾವಣ ಸುರಿಯಬೇಕು, ಚೀಲದ ಬಾಯಿ ಹಿಡಿದು ಒಂದು ನಿಮಿಷ ಬಿಡದೆ ಕುಲುಕಬೇಕು. ರೆಕ್ಕೆಯ ಸಂದಿ, ಹೊಟ್ಟೆಯ ಒಳಗು, ಕತ್ತಿನ ಮಡಿಕೆ, ಎಲ್ಲ ಕಡೆಯ ಕೊಳೆಯೂ ಆ ದ್ರಾವಣಕ್ಕೆ ಇಳಿಯುತ್ತದೆ. ಅದನ್ನು ಬಾಟಲಿಗೆ ತುಂಬಿ ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ತರುವುದು. ಹೇಳುವುದಕ್ಕೆ ಒಂದು ನಿಮಿಷ ಅಷ್ಟೇ. ಎರಡು ಕೆ.ಜಿ. ಕೋಳಿಯನ್ನು ಕುಲುಕಿ ನೋಡಿ, ಆ ಒಂದು ನಿಮಿಷದಲ್ಲಿ ಹಿಂದಿನ ಜನ್ಮವೆಲ್ಲ ನೆನಪಾಗುತ್ತದೆ.

ಮೊದಲ ಸಲ ನಾನು ಕಾರ್ಖಾನೆಗೆ ಹೋದಾಗ ಕೆಲಸದವರೆಲ್ಲ ಕೈಯಲ್ಲಿದ್ದದ್ದು ಬಿಟ್ಟು ಸುತ್ತ ನಿಂತರು. ಕಾರ್ಖಾನೆಯ ಮ್ಯಾನೇಜರು ಹಣೆಗೆ ಉದ್ದಕ್ಕೆ ನಾಮ ಇಟ್ಟ, ಬಹಳ ಮರ್ಯಾದೆಯ ಮನುಷ್ಯ. ಅವರು ಆಡುವುದು ತಮಿಳು. ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ನಾನು ಕುಲುಕುತ್ತಿದ್ದರೆ ಅವರ ಮುಖ ಸಣ್ಣದಾಗುತ್ತಾ ಬಂತು.

"ನಾವು ಆಗಲೇ ತೊಳೆದಿದ್ದೀವಲ್ಲ ಮೇಡಂ. ನಮ್ಮ ಮೇಲೆ ನಂಬಿಕೆ ಇಲ್ವಾ?"

"ತೊಳೀತಾ ಇಲ್ಲ ಸಾರ್, ಪರೀಕ್ಷೆ ಮಾಡ್ತಾ ಇದ್ದೀನಿ" ಎಂದು ಏದುಸಿರು ಬಿಡುತ್ತಲೇ ಹೇಳಿದೆ.

ಕುಲುಕಿ ಮುಗಿದು ಕೋಳಿಯನ್ನು ಹೊರಗೆ ತೆಗೆದರೆ ಅದು ಫಳಫಳ ಹೊಳೆಯುತ್ತಿತ್ತು. ಬಾಟಲಿಯ ದ್ರಾವಣ ಮಾತ್ರ ಕಲಗಚ್ಚಿನ ಬಣ್ಣಕ್ಕೆ ತಿರುಗಿತ್ತು. ಮ್ಯಾನೇಜರು ಎರಡನ್ನೂ ನೋಡಿದರು. ನಾನು ಅವರಿಗೆ ಅರ್ಥವಾಯಿತು ಅಂದುಕೊಂಡೆ. ಅವರು ಕೋಳಿಯನ್ನು ಕಾಲು ಹಿಡಿದು ಮೇಲೆತ್ತಿ ಕೆಲಸದವರಿಗೆಲ್ಲ ತೋರಿಸಿ, "ನೋಡಿ ಕಲಿತುಕೊಳ್ಳಿ, ಹೀಗೆ ತೊಳೀಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ದಿನಾ ಬರೋಕಾಗುತ್ತಾ ಮೇಡಂ?"

ಮಗಳ ಉತ್ತರ

ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡಿದ್ದು ನನ್ನದೇ ತಪ್ಪು. ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದರೆ ಬರುವುದು ತಮಿಳು. ಅವಳ ಶಾಲೆಯಲ್ಲಿ ತಂದೆತಾಯಿಯರ ಸಭೆ. ಪಕ್ಕದಲ್ಲಿ ಕೂತಿದ್ದ ಹುಡುಗಿಯ ತಾಯಿ ಡಾಕ್ಟರು, ಇನ್ನೊಬ್ಬಳ ತಾಯಿ ವಕೀಲೆ. ಟೀಚರು ನನ್ನ ಮಗಳನ್ನು ಕೇಳಿದರು, ನಿನ್ನ ಅಮ್ಮ ಏನು ಮಾಡುತ್ತಾರೆ ಅಂತ.

ಅವಳು ಎದ್ದು ನಿಂತು, ಒಂದಿಷ್ಟೂ ಸಂಕೋಚವಿಲ್ಲದೆ ಹೇಳಿದಳು: "ಎಂಗಮ್ಮಾ ಕೋಳಿಯ ಕುಳಿಪ್ಪಾಟ್ಟುವಾಂಗ." ನಮ್ಮಮ್ಮ ಕೋಳಿಗೆ ಸ್ನಾನ ಮಾಡಿಸ್ತಾರೆ!

ನನ್ನ ಗಂಡ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು. ಅವರು ಅವತ್ತು ಹಾಕಿಕೊಂಡಿದ್ದು ಚಪ್ಪಲಿ.

ಎಂಟರ ಗಂಡಾಂತರ

ಯಾವ ಕೋಳಿಯನ್ನು ಪರೀಕ್ಷೆಗೆ ಆರಿಸಬೇಕು ಎನ್ನುವುದಕ್ಕೂ ಒಂದು ಕ್ರಮ ಇದೆ. ನಾನೂ ಆರಿಸಬಾರದು, ಕಾರ್ಖಾನೆಯವರೂ ಆರಿಸಬಾರದು. ಕಂಪ್ಯೂಟರು ತನ್ನಿಷ್ಟಕ್ಕೆ ಒಂದಷ್ಟು ಸಂಖ್ಯೆ ಕೊಡುತ್ತದೆ. ಕೋಳಿಗಳು ಕಾಲಿನಿಂದ ನೇತಾಡಿಕೊಂಡು ಸಾಲಾಗಿ ಬರುವಾಗ ಎಣಿಸಿ, ಆ ಸಂಖ್ಯೆಯ ಕೋಳಿಯನ್ನು ಇಳಿಸಿಕೊಳ್ಳಬೇಕು. ಚೆಂದದ ಕೋಳಿ, ಕೊಳಕು ಕೋಳಿ ಎಂಬ ಭೇದ ಇರಬಾರದು.

ನಾನು ಪಟ್ಟಿ ಕೊಟ್ಟೆ. ಮ್ಯಾನೇಜರು ಕನ್ನಡಕ ಹಾಕಿಕೊಂಡು ಓದಿ ಜೇಬಿನಿಂದ ಪೆನ್ನು ತೆಗೆದರು.

"ಎಂಟು ಬೇಡ ಮೇಡಂ. ಆಗಿಬರಲ್ಲ."

"ಆಗಿಬರೋಕೆ ಇದೇನು ಮದುವೆ ಮುಹೂರ್ತಾನಾ ಸಾರ್?"

ಅವರು ಎಂಟನ್ನು ಹೊಡೆದುಹಾಕಿದರು. ಹದಿನೇಳನ್ನೂ ಹೊಡೆದರು, ಯಾಕೆಂದರೆ ಒಂದೂ ಏಳೂ ಕೂಡಿದರೆ ಎಂಟು. ಇಪ್ಪತ್ತಾರಕ್ಕೂ ಅದೇ ಗತಿ. ಮೂವತ್ತೈದಕ್ಕೆ ಬರುವಷ್ಟರಲ್ಲಿ ನಾನು ಪಟ್ಟಿ ಕಿತ್ತುಕೊಂಡೆ. "ರಿಪೋರ್ಟ್ ಕೆಟ್ಟು ಬಂದರೆ ಕೆಲಸ ಹೋಗೋದು ನನ್ನದು ಮೇಡಂ, ನಿಮ್ಮ ಕಂಪ್ಯೂಟರಿನದಲ್ಲ" ಎಂದು ಅವರು ಕೈಮುಗಿದರು. ಆ ಮಾತಿನಲ್ಲಿ ಸತ್ಯ ಇತ್ತು, ನಾನು ಸೋತೆ. ಹೊಡೆದದ್ದನ್ನು ಬಿಟ್ಟು ಉಳಿದ ಸಂಖ್ಯೆಗಳ ಕೋಳಿಗಳನ್ನೇ ಕುಲುಕಿ ತಂದೆ.

ಫಲಿತಾಂಶ ಬಂತು. ಎಲ್ಲದರಲ್ಲೂ ಸಾಲ್ಮೊನೆಲ್ಲಾ ಇತ್ತು, ವಾಂತಿಭೇದಿ ತರಿಸುವ ಬ್ಯಾಕ್ಟೀರಿಯಾ. ಫೋನು ಮಾಡಿ ಹೇಳಿದೆ. ಮ್ಯಾನೇಜರು ನಿಟ್ಟುಸಿರು ಬಿಟ್ಟು ಹೇಳಿದರು, "ನೋಡಿದ್ರಾ ಮೇಡಂ, ಎಂಟನ್ನ ಬಿಟ್ಟಿದ್ದಕ್ಕೆ ಇಷ್ಟರಲ್ಲೇ ಮುಗೀತು."

ನನ್ನ ಹೆಸರಿನ ಸ್ಮಾರಕ

ಯಜಮಾನರು ಆ ವರದಿಯನ್ನು ತಡೆದಿಟ್ಟು ಇನ್ನೊಂದು ಸಲ ನೋಡೋಣ ಎಂದ ಮೇಲೆ ಒಂದು ಪವಾಡ ನಡೆಯಿತು. ನಂತರದ ಸಲದ ಬಾಟಲಿಗಳಲ್ಲಿ ಏನೂ ಬೆಳೆಯಲಿಲ್ಲ. ಸಾಲ್ಮೊನೆಲ್ಲಾ ಇರಲಿ, ಯಾವ ಬ್ಯಾಕ್ಟೀರಿಯಾವೂ ಇಲ್ಲ. ಸತ್ತ ಕೋಳಿಯ ಮೈ ಇಷ್ಟು ಶುದ್ಧವಾಗಿರಲು ಅದು ಸಂತರ ವಂಶದ್ದಾಗಿರಬೇಕು. ಯಜಮಾನರು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ, "ಸೂಪರ್ ಮಾ! ಒಣ್ಣುಮೇ ಇಲ್ಲೆ, ಏನೂ ಇಲ್ಲ. ಸೈನ್ ಹಾಕಿ ಕಳಿಸಿಬಿಡಿ" ಎಂದರು.

ನಾನು ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಈಜುಕೊಳದ ವಾಸನೆ. ಕೋಳಿಯ ಮೈಗೆ ಅಂಟಿಕೊಂಡು ಬಂದ ಕ್ಲೋರಿನ್ನು ದಾರಿಯುದ್ದಕ್ಕೂ ಬಾಟಲಿಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಾ ಬಂದಿತ್ತು. ಅಂದರೆ ಲ್ಯಾಬಿಗೆ ಬಂದಿದ್ದು ಸಾಕ್ಷಿಯಲ್ಲ, ಸಾಕ್ಷಿಯ ಹೆಣ. ಆ ವರದಿಗೆ ಸಹಿ ಹಾಕದೆ ಮರುದಿನ ಹೇಳದೆ ಕೇಳದೆ ಕಾರ್ಖಾನೆಗೆ ಹೋದೆ.

ತೊಳೆಯುವ ಜಾಗದ ಮೂಲೆಯಲ್ಲಿ ಹೊಸದೊಂದು ನೀಲಿ ಡ್ರಮ್ಮು. ತುಂಬ ಕ್ಲೋರಿನ್ ಕಲಸಿದ ಹೊಸ ನೀರು. ನಾನು ಬರುವ ದಿನ ಬೆಳಿಗ್ಗೆಯೇ ಒಂದಷ್ಟು ಒಳ್ಳೆಯ ಕೋಳಿಗಳನ್ನು ತೆಗೆದು, ಎರಡು ಸಲ ಉಜ್ಜಿ, ಅದರಲ್ಲಿ ನೆನೆಹಾಕಿ, ಆಮೇಲೆ ನನ್ನ ಪಟ್ಟಿಯ ಸಂಖ್ಯೆ ನೋಡಿಕೊಂಡು ಸಾಲಿಗೆ ಸಿಕ್ಕಿಸುತ್ತಿದ್ದರಂತೆ. ಕೆಲಸದವರೇ ಸಂತೋಷದಿಂದ ವಿವರಿಸಿದರು. ಮ್ಯಾನೇಜರಿಗೂ ನಾಚಿಕೆಯಿಲ್ಲ. "ಹೆಣ್ಣು ನೋಡೋಕೆ ಬರ್ತಾರೆ ಅಂದ್ರೆ ಮನೆಯವರು ಹುಡುಗಿಗೆ ಒಳ್ಳೆ ಸೀರೆ ಉಡಿಸಲ್ವಾ ಮೇಡಂ?" ಎಂದು ನನ್ನನ್ನೇ ಕೇಳಿದರು.

ಡ್ರಮ್ಮಿನ ಮೇಲೆ ಬಿಳಿ ಪೇಂಟಿನಲ್ಲಿ ತಮಿಳಿನ ದಪ್ಪ ಅಕ್ಷರಗಳಲ್ಲಿ ಏನೋ ಬರೆದಿತ್ತು. ಕಷ್ಟಪಟ್ಟು ಕೂಡಿಸಿ ಓದಿದೆ: 'ಮೇಡಂ'. ದೊಡ್ಡವರ ಹೆಸರನ್ನು ರಸ್ತೆಗೆ ಇಡುತ್ತಾರೆ, ಸೇತುವೆಗೆ ಇಡುತ್ತಾರೆ. ನನ್ನ ಪಾಲಿಗೆ ಬಂದದ್ದು ಒಂದು ಡ್ರಮ್ಮು.

ಪುರಟ್ಟಾಸಿ

ಕ್ಲೋರಿನ್ನಿನ ಶಕ್ತಿ ಅಡಗಿಸುವ ದ್ರಾವಣ ಒಂದಿದೆ. ಯಜಮಾನರ ಹತ್ತಿರ ಜಗಳವಾಡಿ ಅದನ್ನು ತರಿಸಿದೆ. ಸಂಖ್ಯೆಯ ಪಟ್ಟಿಯನ್ನು ಇನ್ನು ಮೇಲೆ ಸಾಲಿನ ಮುಂದೆ ನಿಂತ ಮೇಲಷ್ಟೇ ಬಿಚ್ಚುವುದೆಂದು ತೀರ್ಮಾನಿಸಿದೆ. ಯಜಮಾನರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಎಂಟನೆಯ ದಿನ ನಗುತ್ತಾ ಬಂದರು.

"ಒಂದು ಐಡಿಯಾ ಮಾ. ನಮ್ಮೋರು ಅಂತ ಹೇಳ್ತೀನಿ. ಸ್ಯಾಂಪಲ್ ಎಲ್ಲಾ ಪುರಟ್ಟಾಸಿಯಲ್ಲಿ ತೊಗೊಳ್ಳೋಣ."

ನಮ್ಮ ಕಡೆ ಶ್ರಾವಣ ಇದ್ದ ಹಾಗೆ ಇಲ್ಲಿ ಪುರಟ್ಟಾಸಿ. ಆ ತಿಂಗಳು ಅರ್ಧ ಊರು ಮಾಂಸ ಮುಟ್ಟುವುದಿಲ್ಲ. ಕೋಳಿ ಕಾರ್ಖಾನೆಯಲ್ಲಿ ಸಾಲು ನಿಧಾನವಾಗಿ ಓಡುತ್ತದೆ, ತೊಳೆಯುವವರಿಗೆ ಪುರುಸೊತ್ತು ಇರುತ್ತದೆ, ತೊಟ್ಟಿಯ ನೀರನ್ನು ಆಗಾಗ ಬದಲಾಯಿಸುತ್ತಾರೆ. ಕೋಳಿಗಳು ವರ್ಷದಲ್ಲೇ ಅತ್ಯಂತ ಶುದ್ಧವಾಗಿರುವ ತಿಂಗಳು ಅದು, ಅಂದರೆ ಯಾರೂ ತಿನ್ನದೇ ಇರುವ ತಿಂಗಳು. ಆಸ್ಪತ್ರೆಯ ರೋಗಿಗಳು ತಿನ್ನುವುದು ವರ್ಷವಿಡೀ.

"ಪುರಟ್ಟಾಸಿ ಮುಗಿದ ಮೇಲಿನ ಮೊದಲ ಭಾನುವಾರ ತೊಗೊಳ್ಳೋಣ ಸಾರ್" ಎಂದೆ. ಅವತ್ತು ತಿಂಗಳ ಉಪವಾಸ ಮುಗಿಸಿದ ಜನ ಬೆಳಗಾಗುವ ಮೊದಲೇ ಕೋಳಿ ಅಂಗಡಿಯ ಮುಂದೆ ಕ್ಯೂ ನಿಲ್ಲುತ್ತಾರೆ. ಕಾರ್ಖಾನೆಯ ಸಾಲು ಉಸಿರು ಬಿಡದೆ ಓಡುತ್ತದೆ.

"ಅಯ್ಯೋ, ಅವತ್ತು ಬೇಡ ಮಾ. ಪಾಪ, ಅವತ್ತು ಅವರಿಗೆ ತೊಳಿಯೋಕೇ ಟೈಮ್ ಇರಲ್ಲ."

ಕೊನೆಗೆ ಪುರಟ್ಟಾಸಿಯಲ್ಲೇ ಹೋದೆ. ಮ್ಯಾನೇಜರು ತಾವೇ ವ್ರತ ಹಿಡಿದು, ಹಣೆಯ ನಾಮವನ್ನು ಇನ್ನೂ ಅಗಲ ಮಾಡಿಕೊಂಡು, ಸಾಲಿನ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತರು. ಪಟ್ಟಿ ಪ್ರಕಾರ ಇಳಿಸಿದೆ, ಕುಲುಕಿದೆ, ತಂದೆ. ಫಲಿತಾಂಶ ಬಂತು. ಅರ್ಧ ಊರೇ ವ್ರತದಲ್ಲಿದ್ದರೂ ಸಾಲ್ಮೊನೆಲ್ಲಾ ಮಾತ್ರ ವ್ರತ ಹಿಡಿದಿರಲಿಲ್ಲ.

ಎದೆಯೋ ಕತ್ತೋ

ಆ ವರದಿಯನ್ನು ಕೇಟರಿಂಗಿನವರಿಗೆ ಕಳಿಸುವ ಮೊದಲು ಯಜಮಾನರು ನನ್ನನ್ನು ಕರೆದು ಕಾಫಿ ತರಿಸಿದರು. 'ನಮ್ಮೋರು' ಎನ್ನುವ ಮಾತು ಎರಡು ಸಲ ಬಂತು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಈ ಕುಲುಕೋದು ಯಾಕೆ ಮಾ, ನಿಮಗೂ ಕೈನೋವು. ಸ್ಪಂಜಲ್ಲಿ ಒರೆಸಿ ತೊಗೊಳ್ಳಿ. ಅದೂ ಒಪ್ಪಿರೋ ವಿಧಾನ ತಾನೆ?"

ಒಪ್ಪಿರುವ ವಿಧಾನವೇ. ಒದ್ದೆ ಸ್ಪಂಜಿನಿಂದ ಕೋಳಿಯ ಮೈಯ ಒಂದು ಭಾಗವನ್ನು ಒರೆಸಿ, ಅದನ್ನು ಪರೀಕ್ಷಿಸುವುದು. ಆದರೆ ಕುಲುಕಿದಾಗ ಇಳಿಯುವಷ್ಟು ಸ್ಪಂಜಿಗೆ ಅಂಟುವುದಿಲ್ಲ. ಮೇಲಾಗಿ, ಎಲ್ಲಿ ಒರೆಸುತ್ತೇವೆ ಎಂಬುದರ ಮೇಲೆ ಎಲ್ಲ ಇದೆ.

"ಎಲ್ಲಿ ಒರೆಸೋದು ಸಾರ್?"

"ಎದೆ ಮೇಲೆ ಮಾ. ಅಗಲವಾಗಿ, ನುಣ್ಣಗೆ ಇರುತ್ತೆ."

"ಕೋಳೀನ ಕಾಲಿಂದ ನೇತುಹಾಕಿರ್ತಾರೆ ಸಾರ್. ಮೈಮೇಲಿನ ಕೊಳೆ ನೀರೆಲ್ಲ ಇಳಿದು ನಿಲ್ಲೋದು ಕತ್ತಿನ ಚರ್ಮದಲ್ಲಿ. ಎದೆ ಒರೆಸಿದ್ರೆ ಏನು ಸಿಗುತ್ತೆ?"

"ಏನೂ ಸಿಗಲ್ಲ" ಎಂದರು ಯಜಮಾನರು, ಕೊನೆಗೂ ನನಗೆ ಅರ್ಥವಾಯಿತಲ್ಲ ಎಂಬ ಸಮಾಧಾನದಿಂದ.

ಒರೆಸಿದ್ದು ಎದೆಯನ್ನು ಮಾತ್ರ ಎಂದು ವರದಿಯಲ್ಲಿ ಬರೆಯುವುದಾದರೆ ಸಹಿ ಹಾಕುತ್ತೇನೆ ಎಂದೆ. ಅಷ್ಟೆಲ್ಲ ಬರೆದರೆ ಓದುವವರಿಗೆ ತೊಂದರೆ ಅಂದರು. ಹಾಗಾದರೆ ನನ್ನ ಸಹಿ ಇಲ್ಲ ಅಂದೆ. ನನಗೆ ಸಿಟ್ಟು ಬಂದಾಗ ಕಣ್ಣಲ್ಲಿ ನೀರು ಬರುತ್ತದೆ, ಅದೊಂದು ಶನಿ. ಅವರು ಅದನ್ನು ಬೇರೆ ಥರ ತಿಳಿದುಕೊಂಡು, "ಅಳಬೇಡಿ ಮಾ, ನಿಮಗೆ ಕಷ್ಟ ಆದರೆ ನಾನೇ ಹಾಕ್ತೀನಿ" ಎಂದು ಮೇಜಿನ ಡ್ರಾಯರು ಎಳೆದು ಪೆನ್ನು ತೆಗೆದರು. ಬೇರೊಬ್ಬರನ್ನು ಕಳಿಸಿ ಎದೆ ಒರೆಸಿ ತರಿಸಿದರು, ಆ ವರದಿಗೆ ಅವರದೇ ಸಹಿ ಬಿತ್ತು. ನನ್ನನ್ನು ಕುಡಿಯುವ ನೀರು ಪರೀಕ್ಷಿಸುವ ವಿಭಾಗಕ್ಕೆ ಹಾಕಿದರು. ಕೋಳಿಯ ಕೆಲಸದಿಂದ ಬಿಡುಗಡೆಯಾಯಿತಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಸಂತೋಷ. ಮಗಳಂತೂ, ಇನ್ನು ಮೇಲೆ ಅಮ್ಮ ನೀರಿಗೆ ಸ್ನಾನ ಮಾಡಿಸುತ್ತಾಳಾ ಎಂದು ಕೇಳಿದಳು.

ದೀಪಾವಳಿ ಉಡುಗೊರೆ

ಕಾರ್ಖಾನೆಯಲ್ಲಿ ನನ್ನ ಐಸ್ ಪೆಟ್ಟಿಗೆ ಉಳಿದುಹೋಗಿತ್ತು. ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ಅದನ್ನು ತರಲು ಹೋದೆ. ಅವತ್ತು ಕೆಲಸದವರಿಗೆಲ್ಲ ತಲೆಗೊಂದು ಕೋಳಿ ಉಡುಗೊರೆ. ಕೈಯಲ್ಲಿ ಚೀಲ ಹಿಡಿದು ಎಲ್ಲರೂ ಕ್ಯೂ ನಿಂತಿದ್ದರು. ಆ ಕ್ಯೂ ಬಳಸಿಕೊಂಡು ಹೋಗಿ ಮುಟ್ಟಿದ್ದು ಮೂಲೆಯ ನೀಲಿ ಡ್ರಮ್ಮಿನ ಹತ್ತಿರ. ನನ್ನ ಹೆಸರಿನ ಡ್ರಮ್ಮು.

"ಇವು ಯಾವ ಲ್ಯಾಬಿಗೆ ಸಾರ್?" ಎಂದೆ.

"ಲ್ಯಾಬಿಗಲ್ಲ ಮೇಡಂ, ಇವು ನಮ್ಮ ಮನೆಗಳಿಗೆ" ಎಂದರು ಮ್ಯಾನೇಜರು.

"ಮತ್ತೆ ಆ ಕಡೆ ಸಾಲಿನಲ್ಲಿ ಹೋಗ್ತಾ ಇರೋದು?"

"ಅದು ಆಸ್ಪತ್ರೆಗೆ."

ಹೇಳುವಾಗ ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ. ಹಾಲಿನವನು ಮನೆಯ ಮಕ್ಕಳಿಗೆ ಗಟ್ಟಿ ಹಾಲು ಎತ್ತಿಡುವ ಹಾಗೆ, ಅಷ್ಟೇ ಸಹಜವಾಗಿ ಹೇಳಿದರು. ಆಮೇಲೆ ಬೆನ್ನ ಹಿಂದಿನಿಂದ ಒಂದು ಪೊಟ್ಟಣ ತೆಗೆದು ಎರಡೂ ಕೈಯಲ್ಲಿ ನನಗೆ ಕೊಟ್ಟರು. "ನಿಮಗೂ ಇದರಲ್ಲೇ ಒಂದು ತೆಗೆದಿಟ್ಟಿದ್ದೆ ಮೇಡಂ. ಮಗು ಇರೋ ಮನೆ, ಸಾಲಿನ ಕೋಳಿ ಕೊಡೋಕೆ ನನಗೆ ಮನಸ್ಸು ಬರಲಿಲ್ಲ."

ಸೂಪು

ಆ ಉಡುಗೊರೆಯ ಕೋಳಿ ನಮ್ಮ ಮನೆಗೆ ಹೋಗಲಿಲ್ಲ. ಸಾಲಿನಿಂದಲೂ ಒಂದನ್ನು ಕೇಳಿ ತಂದೆ. ಪಾಪ, ಮ್ಯಾನೇಜರು ಬೇಡ ಬೇಡ ಎಂದು ತಡೆದರು. ಎರಡನ್ನೂ ಲ್ಯಾಬಿನಲ್ಲಿ ಕ್ಲೋರಿನ್ ಅಡಗಿಸುವ ದ್ರಾವಣ ಹಾಕಿ ನನ್ನ ಹಳೆಯ ವಿಧಾನದಲ್ಲೇ ಒಂದೊಂದು ನಿಮಿಷ ಕುಲುಕಿದೆ. ಡ್ರಮ್ಮಿನ ಕೋಳಿ ಪಾಸಾಯಿತು. ಸಾಲಿನ ಕೋಳಿಯಲ್ಲಿ ಸಾಲ್ಮೊನೆಲ್ಲಾ. ಒಂದೇ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಕೇಟರಿಂಗಿನವರಿಗೆ ಕಳಿಸಬೇಕು ಎಂದು ಯಜಮಾನರ ಮೇಜಿನ ಮೇಲಿಟ್ಟೆ. ಅವರು ಗಮನವಿಟ್ಟು ಓದಿ, "ರೊಂಬ ಇಂಟರೆಸ್ಟಿಂಗ್ ಮಾ, ಅಪ್ಪರಂ, ಆಮೇಲೆ ನೋಡೋಣ" ಎಂದು ಡ್ರಾಯರಿಗೆ ಹಾಕಿದರು. ನಾನು ನೀರಿನ ಬಾಟಲಿಗಳ ಕಡೆ ಹೋದೆ.

ಎರಡು ವಾರ ಆಯಿತು. ಒಂದು ಬೆಳಿಗ್ಗೆ ಯಜಮಾನರು ತಾವೇ ನನ್ನ ವಿಭಾಗಕ್ಕೆ ಬಂದರು. ಮುಖ ಬಾಡಿತ್ತು. ಅವರ ತಾಯಿ ಜಾರಿ ಬಿದ್ದು ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದರು. ನಮ್ಮ ಕಾರ್ಖಾನೆಯ ಕೋಳಿ ಹೋಗುತ್ತದಲ್ಲ, ಆ ಕೇಟರಿಂಗಿನವರೇ ಊಟ ಕೊಡುವ ಆಸ್ಪತ್ರೆ. ಶಕ್ತಿ ಬರಲೆಂದು ಡಾಕ್ಟರು ಕೋಳಿ ಸೂಪು ಬರೆದಿದ್ದರಂತೆ. ಹಬ್ಬಹಬ್ಬಕ್ಕೆ ನನ್ನನ್ನು ಕರೆದು ಸೀರೆ ಕೊಟ್ಟ ಮುದುಕಿ ಆಕೆ.

"ಅಲ್ಲಿಯ ಸೂಪ್ ಬೇಡ ಅಂತ ನಿಲ್ಲಿಸಿಬಿಟ್ಟೆ ಮಾ. ಮನೆಯಲ್ಲೇ ಮಾಡಿ ಕಳಿಸ್ತೀವಿ." ಆಮೇಲೆ ಸ್ವರ ಇಳಿಸಿದರು. "ನಮ್ಮೋರು ಮಾ ನೀವು. ಆ ಮ್ಯಾನೇಜರ್‌ಗೆ ಒಂದು ಮಾತು ಹೇಳಿ, ಆ ನೀಲಿ ಡ್ರಮ್ಮಿಂದ ದಿನಕ್ಕೊಂದು ಕೋಳಿ ತರಿಸಿಕೊಡ್ತೀರಾ?"

"ಯಾಕೆ ಸಾರ್? ಸಾಲಿನ ಕೋಳಿ ಚೆನ್ನಾಗಿದೆ ಅಂತ ನೀವೇ ಸಹಿ ಹಾಕಿದ್ದೀರಲ್ಲ?"

"ಸಹಿ ಬೇರೆ, ಸೂಪ್ ಬೇರೆ ಮಾ."

"ಮತ್ತೆ ಅಮ್ಮನ ಪಕ್ಕದ ಹಾಸಿಗೆಯವರು ಏನು ಕುಡೀಬೇಕು ಸಾರ್?"

ಯಜಮಾನರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಇಷ್ಟು ವರ್ಷ ಈ ಲ್ಯಾಬಿನಲ್ಲಿ ದುಡಿದವಳು ಇಂಥ ಪ್ರಶ್ನೆ ಕೇಳಬಹುದೇ ಎನ್ನುವ ಹಾಗೆ ನನ್ನನ್ನು ನೋಡಿದರು.

"ಅವರಿಗೇನು ಮಾ, ಅವರಿಗೆ ನಮ್ಮ ರಿಪೋರ್ಟ್ ಇದೆಯಲ್ಲ."